ಪೆಟ್ಟಿಗೆಯ ಮುಂದೆ ಮಾವನ ಕಾವಲು

ನನ್ನ ಮಾವ ಬಾಯ್‌ಮುರ್ಜಾ ಮಾತಿನವರಲ್ಲ. ಅಗಿಡೆಲ್ ನದಿಯ ದಂಡೆಯ ನಮ್ಮ ಬಷ್ಕೀರ ಜನಾಂಗದ ಹಳ್ಳಿಯಲ್ಲಿ ಅವರನ್ನು ಒಂಬತ್ತು ಮರದ ಬಾಯ್‌ಮುರ್ಜಾ ಎನ್ನುತ್ತಿದ್ದರು. ಕಾಡಿನೊಳಗಿನ ಒಂಬತ್ತು ಪೈನ್ ಮರಗಳಲ್ಲಿ, ನಾಲ್ಕಾಳೆತ್ತರದಲ್ಲಿ, ಅವರ ಮುತ್ತಜ್ಜ ಪೊಟರೆ ಕೊರೆದಿದ್ದ. ಬುಡದಲ್ಲಿ ಮನೆತನದ ಗುರುತು: ಮೂರು ಗೀರು, ಒಂದು ಕೊಕ್ಕೆ. ಕಾಡಿನ ಕಪ್ಪು ಜೇನು ತಾನಾಗಿ ಬಂದು ಆ ಪೊಟರೆಗಳಲ್ಲಿ ಸಂಸಾರ ಹೂಡುತ್ತಿತ್ತು. ವರ್ಷಕ್ಕೊಮ್ಮೆ, ಸೆಪ್ಟೆಂಬರಿನಲ್ಲಿ, ಮಾವ ಹೆಣೆದ ತೊಗಲಿನ ಹಗ್ಗವನ್ನು ಕಾಂಡಕ್ಕೂ ಸೊಂಟಕ್ಕೂ ಸುತ್ತಿಕೊಂಡು ಹತ್ತುತ್ತಿದ್ದರು. ಅರ್ಧ ಕೊಯ್ದು ಅರ್ಧ ಬಿಡುತ್ತಿದ್ದರು.

"ಮನೆ ನಮ್ದು ಅಂತ ಬಾಡಿಗೆ ತಗೋಬೋದು, ಊಟ ಕಿತ್ಕೋಬಾರದು" ಎನ್ನುತ್ತಿದ್ದರು.

ನಾನು ಹಮ್ದಿಯಾ, ತೆಂಕಣ ಹುಲ್ಲುಗಾವಲಿನಿಂದ ಬಂದ ಸೊಸೆ. ಮದುವೆಯಲ್ಲಿ ಅಪ್ಪ ನನ್ನ ಜೊತೆ ಎರಡು ಪೆಟ್ಟಿಗೆ ಜೇನು ಕಳಿಸಿದ್ದರು. ಹಳದಿ ಪಟ್ಟೆಯ ಹುಳ, ಕೈಯಿಟ್ಟರೂ ಕುಟುಕದಷ್ಟು ಸಾಧು. ಲಾರಿ ಬಾಗಿಲಿಗೆ ಬಂದು ನಿಂತದ್ದೇ ತಡ, ಪಕ್ಕದ ಮನೆಯ ಇಸ್ಕುಜಾ ನೆಂಟರ ಎದುರಿಗೇ ಬಾಯಿ ಮಾಡಿದ.

"ತಲೆ ನೆಟ್ಟಗಿದೆಯೇನೋ ಬಾಯ್‌ಮುರ್ಜಾ? ಈ ಕಣಿವೆಗೆ ಹೊರಗಿನ ಹುಳ ಬರಬಾರದು ಅಂದೋರು ನಿಮ್ಮಪ್ಪಾನೇ ಅಲ್ವಾ? ಕಾಡಿನ ಎಳೇ ರಾಣಿ ಗಂಡು ಕೂಡೋಕೆ ಆಕಾಶಕ್ಕೆ ಹಾರ್ತಾಳೆ. ಈ ಹಳದಿ ಗಂಡುಗಳು ಅಲ್ಲಿ ಹೋಗಿ ಸುಮ್ನೆ ಇರ್ತಾವಾ? ಹುಟ್ಟೋ ಪೀಳಿಗೆ ಅತ್ತ ಕಪ್ಪೂ ಅಲ್ಲ, ಇತ್ತ ಹಳದೀನೂ ಅಲ್ಲ. ನಮ್ಮ ಆರು ತಿಂಗಳ ಚಳಿ ತಡೀತವಾ ಅವು?"

ಮುಸುಕಿನೊಳಗೆ ನಾನು ಬೆವತುಹೋದೆ. ಸೊಸೆ ತಂದದ್ದನ್ನು ಹೊಸ್ತಿಲಿನಿಂದ ಹಿಂದಕ್ಕೆ ಕಳಿಸಿದರೆ ಸೊಸೆಯನ್ನೇ ಕಳಿಸಿದ ಹಾಗೆ. ಮಾವ ಒಮ್ಮೆ ನನ್ನತ್ತ ನೋಡಿದರು.

"ಇಳಿಸ್ರೋ ಪೆಟ್ಟಿಗೇನ. ಇಸ್ಕುಜಾ, ಉಣ್ಣೋಕೆ ಬಂದಿದೀಯ, ಉಣ್ಣು."

ಆ ಜುಲೈನಿಂದ ಅವರಿಗೊಂದು ಹೊಸ ಅಭ್ಯಾಸವಾಯಿತು. ಮಧ್ಯಾಹ್ನವಾದರೆ ಸಾಕು, ಹುಲ್ಲು ಕೊಯ್ಯುವ ಕೆಲಸವಿದ್ದರೂ ಬಿಟ್ಟು ಬಂದು, ನನ್ನ ಪೆಟ್ಟಿಗೆಗಳ ಮುಂದೆ ಸ್ಟೂಲು ಹಾಕಿ ಕೂರುವರು. ಕೈಯಲ್ಲಿ ಬರ್ಚ್ ಮರದ ಒಂದು ಕಡ್ಡಿ.

"ಏನ್ ಮಾವ, ನನ್ನ ಹುಳಗಳ ಮೇಲೆ ಇಷ್ಟು ಮೋಹ?" ಎಂದು ಛೇಡಿಸುತ್ತಿದ್ದೆ.

"ಸಾಧು ಪ್ರಾಣಿ ಕಣಮ್ಮ. ನೋಡ್ತಾ ಕೂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ."

ನಾನು ಹಿಗ್ಗಿಹೋದೆ. ಸ್ಟೂಲಿಗೊಂದು ಮೆತ್ತೆ ಹೊಲಿದು ಕೊಟ್ಟೆ. ಸಂಜೆ ಅದರ ಕೆಳಗೆ ಬಿದ್ದಿರುತ್ತಿದ್ದ ಸತ್ತ ಗಂಡು ಹುಳಗಳನ್ನು ಗುಡಿಸಿ ಹಾಕುತ್ತಿದ್ದೆ. ಕೆಲಸಕ್ಕೆ ಬಾರದ ಗಂಡುಗಳನ್ನು ಜೇನೇ ಹೊರದಬ್ಬುತ್ತದಲ್ಲ, ಹಾಗೇ ಅಂದುಕೊಂಡಿದ್ದೆ. ಎರಡು ಪೆಟ್ಟಿಗೆ ಆರಾದವು. ಇಸ್ಕುಜಾನ ಮಾತು ಬರೀ ಹೊಟ್ಟೆಕಿಚ್ಚು ಎಂದುಕೊಂಡು ಹಾಗೆ ಮಾಡಿದವಳು ನಾನೇ, ಅದೂ ಹೆಮ್ಮೆಯಿಂದ. ಆ ಜೇನು ಸಂತೆಗೆ ಹೋಗುತ್ತಿತ್ತು. ಮನೆಯ ಚಹಾಕ್ಕೆ ಮಾತ್ರ ಮಾವನ ಮರದ್ದೇ.

ಅತ್ತ ಕಾಡಿನಲ್ಲಿ ಅವರ ಮರಗಳು ಒಂದೊಂದಾಗಿ ಬರಿದಾದವು. ಒಂದು ವರ್ಷ ಚಳಿ ಎಂದರು, ಒಂದು ವರ್ಷ ಕರಡಿ ಎಂದರು. ಹನ್ನೊಂದನೆಯ ವರ್ಷಕ್ಕೆ ಉಳಿದದ್ದು ಒಂದೇ, ಮುತ್ತಜ್ಜ ಮೊದಲು ಕೊರೆದ ಮರ. ಅಲ್ಲಿಯ ಹುಳವೂ ಹೋದರೆ ಹಗ್ಗ ಬಿಚ್ಚಿಡುವುದೇ ಎಂದಿದ್ದರು.

ಈ ಮೇ ತಿಂಗಳಲ್ಲಿ, ಎಪ್ಪತ್ಮೂರರ ವಯಸ್ಸಿನಲ್ಲಿ, ಹುಳ ಚಳಿ ದಾಟಿ ಉಳಿದಿದೆಯೇ ಎಂದು ನೋಡಲು ಮಾವ ಆ ಮರ ಹತ್ತಿದರು. ನಾನು ಕೆಳಗೆ ಚೀಲ ಹಿಡಿದು ನಿಂತಿದ್ದೆ. ಪೊಟರೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದರು. ಮುಚ್ಚಳ ತೆಗೆದರು. ಇಳಿಯುವಾಗ ಒಂದು ಕೈ ಕೋಟಿನ ಜೇಬಿನೊಳಗೇ ಇತ್ತು.

"ಏನಾಯ್ತು ಮಾವ?"

"ಚಳಿ ಕಣಮ್ಮ. ಈ ಸಲ ಜಾಸ್ತಿ ಇತ್ತು."

ಕೋಟು ಒಗೆಯಲು ಹಾಕುವ ಮುಂಚೆ ಜೇಬು ತಡವಿದೆ. ಕರವಸ್ತ್ರದ ಗಂಟಿನಲ್ಲಿ ಐದು ಸತ್ತ ಹುಳಗಳು, ಜೊತೆಗೆ ಒಂದು ತುಂಡು ಮೇಣ. ಎದೆ ಕಪ್ಪು, ಹೊಟ್ಟೆಯ ಮೇಲೆ ನನ್ನ ತವರಿನ ಹಳದಿ ಪಟ್ಟೆ. ಚಳಿಗಾಲ ಪೂರ್ತಿ ಗೂಡಿನೊಳಗೆ ಮಲ ತಡೆದುಕೊಂಡು ಇರಲಾರದೆ ಮೇಣದ ಮೇಲೆಲ್ಲ ಹೊಲಸು ಮಾಡಿಕೊಂಡು ಸತ್ತಿದ್ದವು. ಕಪ್ಪು ಜೇನು ಯಾವತ್ತೂ ಹಾಗೆ ಮಾಡಿದ್ದಲ್ಲ.

ಆಗ ಆ ಬರ್ಚ್ ಕಡ್ಡಿ ನೆನಪಾಯಿತು. ಮಾವ ಹುಳ ನೋಡುತ್ತಾ ಕೂತದ್ದಲ್ಲ. ಹನ್ನೊಂದು ಬೇಸಿಗೆ, ಹೊರಗೆ ಹಾರಿದ ಒಂದೊಂದು ಗಂಡನ್ನೂ ಬಡಿದು ಕೆಡವುತ್ತಾ ಕೂತಿದ್ದರು, ಸಾವಿರಾರು ಹುಳಗಳ ಎದುರು ಒಂದು ಕಡ್ಡಿ ಹಿಡಿದು. ಮೆತ್ತೆ ಕೊಟ್ಟ ನಾನು ಎಂಥ ಮೂರ್ಖಳು! ಒಂದು ಮಾತು ಹೇಳಿದ್ದರೆ ಆಗಲೇ ಕಳಿಸಿಬಿಡುತ್ತಿದ್ದೆ. ಹೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತಿತ್ತು ಎಂದೇ ಅವರು ಹೇಳಲಿಲ್ಲ. ಅಳು ತಡೆಯಲಾಗಲಿಲ್ಲ. ಗಂಟನ್ನು ಮೊದಲಿನಂತೆಯೇ ಕಟ್ಟಿ ಜೇಬಿನಲ್ಲಿಟ್ಟೆ.

ಮಾರನೆಯ ದಿನ ಆರೂ ಪೆಟ್ಟಿಗೆಗಳನ್ನು ತವರಿಗೆ ಸಾಗಿಸಿದೆ.

"ಎಲ್ಲಮ್ಮ ನಿನ್ನ ಹುಳ?" ಎಂದರು ಮಾವ.

"ಅಪ್ಪನ ಹತ್ರ ಕಮ್ಮಿ ಆಗಿದ್ವಂತೆ. ಕೇಳಿದ್ರು, ಕೊಟ್ಟೆ."

ಕಾಲಿಗೆ ಬಿದ್ದು ಎಲ್ಲ ಹೇಳಿಬಿಡೋಣ ಅನ್ನಿಸಿತು. ಹೇಳಿದ್ದರೆ ಅವರು ಇಷ್ಟು ವರ್ಷ ಮುಚ್ಚಿಟ್ಟದ್ದು ಮಣ್ಣುಪಾಲಾಗುತ್ತಿತ್ತು.

ಮಾವನ ಮರದ ಜೇನಿನ ಭರಣಿ ತಳ ಕಂಡಿತ್ತು. ಚಹಾದ ಪಕ್ಕ ಸಕ್ಕರೆ ಬಟ್ಟಲಿಟ್ಟೆ. ಹುಟ್ಟಿದಾಗಿನಿಂದ ಚಹಾಕ್ಕೆ ಸಕ್ಕರೆ ಮುಟ್ಟದ ಮನುಷ್ಯ, ಎರಡು ಚಮಚ ಹಾಕಿಕೊಂಡು ಕಲಕಿ ಕುಡಿದರು.

"ಇದೂ ಚೆನ್ನಾಗೇ ಇದೆ ಮಗಳೇ" ಎಂದರು.