ಮೂರು ಬೆರಳಿನ ಬುರ್ಲಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಬರೆಯದೆ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲ ಎಂದುಕೊಂಡೆ. ಇನ್ನೊಮ್ಮೆ ಮನೆಗೆ ನೆಂಟರು ಬಂದರು. ನಿಜ ಹೇಳಬೇಕೆಂದರೆ ಧೈರ್ಯ ಇರಲಿಲ್ಲ. ಬಾಲ್ಯದ ನೆನಪು ಎಂದರೆ ಎಲ್ಲರೂ ತಮ್ಮ ಬಾಲ್ಯವನ್ನೇ ಬರೆಯುತ್ತಾರೆ. ಓದುವವರಿಗೂ ತಾವು ಆಡಿದ ಲಗೋರಿ, ಕದ್ದ ಮಾವಿನಕಾಯಿ ನೆನಪಾಗಿ ಸಂತೋಷವಾಗುತ್ತದೆ. ನಾನು ಹೇಳಹೊರಟಿರುವುದು ನನ್ನ ಬಾಲ್ಯವಲ್ಲ. ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದ ಒಂದು ಮಗುವಿನ ಬಾಲ್ಯ, ಅದರಲ್ಲಿ ಒಂದು ಬೇಸಿಗೆ. ಅದನ್ನು ಕೆಡಿಸಿದವನು ನಾನು.

ಆಗ ಬಸವನಗುಡಿಯಲ್ಲಿ ಇನ್ನೂ ಖಾಲಿ ಸೈಟುಗಳಿದ್ದವು. ತೊಂಬತ್ತರ ದಶಕದ ನಡುವಿನ ಮಾತು. ಮನೆಮನೆಗೂ ಕೇಬಲ್ ಬರುತ್ತಿದ್ದರೂ ಪರೀಕ್ಷೆ ಮುಗಿಯಿತೆಂದರೆ ಮಕ್ಕಳು ಬೀದಿಯಲ್ಲೇ ಇರುತ್ತಿದ್ದರು. ಕುಂಟೆಬಿಲ್ಲೆಯ ಗೆರೆಗಳು ಮನೆಯ ಮುಂದಿನ ರಂಗೋಲಿಯನ್ನು ದಾಟಿ ಹೋಗುತ್ತಿದ್ದವು. ಮಹಡಿಯ ಮೇಲೆ ಸಂಡಿಗೆ ಒಣಗುವ ವಾಸನೆ, ಕೆಳಗೆ ಉಪ್ಪುಖಾರ ಹಚ್ಚಿದ ಮಾವಿನಕಾಯಿಯ ವಾಸನೆ. ನಮ್ಮ ಮನೆಯ ಹಿಂದೆ ಹಳೆಯ ಬಂಗಲೆ ಕೆಡವಿದ ದೊಡ್ಡ ಜಾಗವೊಂದಿತ್ತು. ವ್ಯಾಜ್ಯ ಕೋರ್ಟಿನಲ್ಲಿದ್ದುದರಿಂದ ಅಲ್ಲಿ ಯಾರೂ ಒಂದು ಇಟ್ಟಿಗೆ ಇಡುವಂತಿರಲಿಲ್ಲ. ನಾವದನ್ನು ಕೇಸ್ ಸೈಟು ಎನ್ನುತ್ತಿದ್ದೆವು. ಸೊಂಟದೆತ್ತರದ ಹುಲ್ಲು, ಲಂಟಾನ ಪೊದೆ, ಮೂಲೆಯಲ್ಲಿ ಒಂದು ಹೊಂಗೆಮರ. ಹುಲ್ಲನ್ನು ವರ್ಷಕ್ಕೊಮ್ಮೆ, ರಾಮನವಮಿಗೆ, ಬೀದಿಯವರೆಲ್ಲ ಸೇರಿ ಕತ್ತರಿಸಿ ಅಲ್ಲಿ ಚಪ್ಪರ ಹಾಕುತ್ತಿದ್ದೆವು. ಪಾನಕ, ಕೋಸಂಬರಿ, ಸಂಜೆ ಹಾಡುಗಾರಿಕೆ. ಅದರ ಮುಂದಾಳು ನಾನೇ.

ನನಗೆ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಇತ್ತು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ನನ್ನ ಕೈಗೆ ಬಂತು. ನನ್ನ ತಮ್ಮ ವಿಶ್ವೇಶ್ವರಪುರಂನಲ್ಲಿ ಒಂದು ಸಣ್ಣ ಟೈಲರ್ ಅಂಗಡಿ ಇಟ್ಟುಕೊಂಡು ನಮ್ಮ ಜೊತೆಯಲ್ಲೇ ಇದ್ದ. ಅವನ ಮಗಳು ಗೀತಾ ಇನ್ನೂ ತೊದಲು ಮಾತಾಡುತ್ತಿದ್ದಾಗಲೇ ಅವನ ಹೆಂಡತಿ ಮನೆ ಬಿಟ್ಟು ಹೋಗಿದ್ದಳು. ಬೇರೊಬ್ಬನ ಜೊತೆ ಹೋದಳೆಂದು ಬೀದಿಯ ಮಾತು. ಮನೆಯಲ್ಲಿ ಆ ವಿಷಯ ಯಾರೂ ಎತ್ತುತ್ತಿರಲಿಲ್ಲ. ಮಗುವನ್ನು ತಮ್ಮನೇ ಸಾಕಿದ. ಸ್ನಾನ ಮಾಡಿಸುವುದು, ಡಬ್ಬಿ ಕಟ್ಟುವುದು, ಉಳಿದ ಬಟ್ಟೆಯಲ್ಲಿ ಫ್ರಾಕು ಹೊಲಿಯುವುದು ಎಲ್ಲ ಅವನೇ. ಬೆಳಿಗ್ಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿಕೊಂಡು ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದ. ಹೋಗಿಬರುವವರು ನೋಡುತ್ತಿದ್ದರು. ನನಗೆ ಮುಜುಗರ.

“ಒಳಗೆ ಕೂತ್ಕೊಂಡು ಹಾಕೋ. ಗಂಡಸು ಬೀದೀಲಿ ಜಡೆ ಹಾಕ್ತಾ ಕೂತ್ರೆ ಏನ್ ಚೆಂದ?”

“ಬೈತಲೆ ಕಾಣಲ್ಲ ಒಳಗೆ. ಬೆಳಕು ಇಲ್ಲೇ ಚೆನ್ನಾಗಿದೆ ಅಣ್ಣ,” ಎನ್ನುತ್ತಿದ್ದ.

ಹೆಣ್ಣುಮಗು ಹತ್ತು ವರ್ಷದ್ದಾಯಿತು, ಇನ್ನು ಗಂಡಸಿನ ಕೈಯಲ್ಲಿ ಬೆಳೆಯಬಾರದು, ಮೈಸೂರಿನಲ್ಲಿರುವ ನಮ್ಮ ತಂಗಿಯ ಮನೆಗೆ ಕಳಿಸು ಎಂದು ಆ ವರ್ಷ ನಾನು ಹಟ ಹಿಡಿದಿದ್ದೆ. ಅವನು ಒಂದು ವರ್ಷ ತಡೆ ಎಂದು ಬೇಡಿಕೊಳ್ಳುತ್ತಿದ್ದ. ರಜೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದಿದ್ದೆ. ಗೀತಾಳಿಗೂ ಇದು ಗೊತ್ತಿತ್ತು.

ಅಪ್ಪ ಮಗಳಿಬ್ಬರಿಗೂ ಹಕ್ಕಿಯ ಹುಚ್ಚು. ಅದೂ ಮರದ ಮೇಲಿನ ಚೆಂದದ ಹಕ್ಕಿಗಳಲ್ಲ, ನೆಲದ ಮೇಲೆ ಓಡಾಡುವ ಮಣ್ಣುಬಣ್ಣದವು. ಭಾನುವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಮತ್ತಿಕೆರೆ ದಾಟಿ ಹೊಲಗಳಿರುವ ಕಡೆಗೆ ಹೋಗಿಬಿಡುತ್ತಿದ್ದರು. ಬಂದ ಮೇಲೆ ಊಟಕ್ಕೆ ಕೂತಾಗ ಗೀತಾಳ ಪಾಠ ಶುರು. ಬೇಲಿಯ ಬುಡದಲ್ಲಿ ಕಾಲಿನಿಂದ ಮಣ್ಣು ಕೆದರಿ ತಿನ್ನುವುದು ಗೌಜಲಹಕ್ಕಿ. ಹುಲ್ಲಿನಲ್ಲಿ ಗುಂಪಾಗಿ ಅವಿತಿದ್ದು, ಹತ್ತಿರ ಹೋದರೆ ಒಟ್ಟಿಗೇ ಬುರ್ರೆಂದು ಏಳುವುದು ಬುರ್ಲಿ. ಹುಲ್ಲೇ ಇಲ್ಲದ ಕಲ್ಲುನೆಲದಲ್ಲಿ, ನೆಲದ್ದೇ ಬಣ್ಣದಲ್ಲಿ ಕೂತು, ಮೇಲೆ ಹಾರಿದಾಗ ಮಾತ್ರ ಹಾಡುವುದು ನೆಲಗುಬ್ಬಿ. ಇರುವ ಜಾಗ ಗೊತ್ತಾದರೆ ಅರ್ಧ ಹೆಸರು ಗೊತ್ತಾದಂತೆ, ಉಳಿದರ್ಧಕ್ಕೆ ಕಾಲು ನೋಡಬೇಕು ಎಂದು ಅವಳ ಲೆಕ್ಕ.

“ಕೊಕ್ಕು ನೋಡಲ್ವೇನೇ?” ಎಂದು ನನ್ನ ಹೆಂಡತಿ ಅನ್ನ ಬಡಿಸುತ್ತಾ ಕೇಳಿದರೆ, “ಕೊಕ್ಕು ಮೋಸ ಮಾಡುತ್ತೆ ದೊಡ್ಡಮ್ಮ, ಕಾಲು ಮಾಡಲ್ಲ,” ಎಂದಳು. ನಾವೆಲ್ಲ ನಕ್ಕೆವು.

ಆ ವರ್ಷ ರಾಮನವಮಿ ತಡವಾಗಿ ಬಂದಿತ್ತು. ಅದಕ್ಕೆ ಕೆಲವು ವಾರ ಮುಂಚಿನಿಂದ ಕೇಸ್ ಸೈಟಿನಲ್ಲಿ ಸಂಜೆ ಒಂದು ಸದ್ದು ಕೇಳತೊಡಗಿತು. ದೂರದಲ್ಲಿ ಯಾರೋ ಮೋಟಾರ್ ಸೈಕಲ್ ಚಾಲೂ ಮಾಡಿ ಹೊರಡದೆ ನಿಂತಂತೆ ಡ್ರ್‌ರ್‌ರ್ ಎಂಬ ಸದ್ದು. ನಾನು ಹಿಟ್ಟಿನ ಗಿರಣಿ ಇರಬೇಕು ಎಂದುಕೊಂಡಿದ್ದೆ. ಗೀತಾ ಹಕ್ಕಿ ಎಂದಳು. ಅಪ್ಪ ಮಗಳು ಹುಲ್ಲಿನಂಚಿನ ಧೂಳಿನಲ್ಲಿ ಬಗ್ಗಿ ಹೆಜ್ಜೆ ಗುರುತು ಹುಡುಕಿದರು. ಮುಂದೆ ಮೂರು ಗೆರೆ, ಹಿಂದೆ ಏನೂ ಇಲ್ಲ.

“ಬುರ್ಲಿ ಥರಾನೇ ಇರುತ್ತೆ ದೊಡ್ಡಪ್ಪ, ಆದ್ರೆ ಬುರ್ಲಿ ಅಲ್ಲ. ಇದು ಕ್ರೌಂಚದ ಕುಲ ಅಂತೆ. ಸ್ಕೂಲ್ ಲೈಬ್ರರಿ ಪುಸ್ತಕದಲ್ಲಿದೆ.”

“ಮುಷ್ಟಿಗಾತ್ರದ ಹಕ್ಕಿಗೂ ಅಷ್ಟುದ್ದ ಕಾಲಿನ ಕ್ರೌಂಚಕ್ಕೂ ಏನೇ ಸಂಬಂಧ? ಯಾರೋ ಕೆಲಸ ಇಲ್ದೋರು ಬರೆದಿದಾರೆ, ನೀನು ಓದಿದೀಯ,” ಎಂದೆ.

ನಾಲ್ಕಾರು ದಿನಕ್ಕೆ ಗೂಡೂ ಸಿಕ್ಕಿತು. ಹುಲ್ಲಿನ ಬುಡದಲ್ಲಿ ಒಂದು ಗುಳಿ, ಮೇಲೆ ಹುಲ್ಲನ್ನೇ ಬಗ್ಗಿಸಿದ ಸೂರು, ಒಳಗೆ ಚುಕ್ಕೆಚುಕ್ಕೆಯ ಮೊಟ್ಟೆಗಳು. ಗೀತಾ ನನ್ನ ಪಂಚೆಯ ಅಂಚು ಹಿಡಿದುಕೊಂಡು ಬೇಡಿದಳು: ಆ ಕಡೆ ಹುಲ್ಲು ಕತ್ತರಿಸಬೇಡಿ ದೊಡ್ಡಪ್ಪ, ಚಪ್ಪರ ಈ ಕಡೆಗೆ ಸರಿಸಿ. ಆಗಲಿ ಎಂದೆ. ಒಳ್ಳೆಯ ಮನಸ್ಸಿನಿಂದಲೇ ಅಂದೆ. ಮಾರ್ಕೆಟ್ಟಿನಿಂದ ಬಾಳೆನಾರು ತಂದು ಆ ಮೂಲೆಗೆ ನಾನೇ ಸುತ್ತ ಬೇಲಿಯಂತೆ ಕಟ್ಟಿದೆ. ಅವಳು ನನ್ನನ್ನು ಎಷ್ಟು ಪ್ರೀತಿಯಿಂದ ನೋಡಿದಳೆಂದರೆ, ಮೈಸೂರಿನ ಮಾತು ಇನ್ನು ಎತ್ತಬಾರದು ಎಂದೂ ಒಂದು ಕ್ಷಣ ಅನ್ನಿಸಿತ್ತು.

ಹುಲ್ಲು ಕತ್ತರಿಸುವ ದಿನ ಬಂತು. ತಮ್ಮ, ಹಬ್ಬದ ಹೊಲಿಗೆಯೆಂದು, ಅಂಗಡಿಗೆ ಹೋಗಿದ್ದ. ಬೀದಿಯ ಗಂಡಸರೆಲ್ಲ ಕುಡುಗೋಲು ಹಿಡಿದು ಇಳಿದಿದ್ದರು. ಚಪ್ಪರ ಹಾಕುವ ರಾಜಣ್ಣ ಬಿದಿರಿನ ಗಳ ಇಳಿಸುತ್ತಿದ್ದ. ಮೊಟ್ಟೆಗಳು ಆಗಲೇ ಒಡೆದಿದ್ದುದು ನಮಗೆ ಗೊತ್ತಿರಲಿಲ್ಲ. ಹುಟ್ಟಿದ ದಿನವೇ ಓಡುವ ಮರಿಗಳು ಅವು, ದುಂಬಿಯಷ್ಟಿರುತ್ತವೆ. ಕಟ್ಟಿದ ನಾರು ಅವಕ್ಕೇನು ಲೆಕ್ಕ? ಒಂದು ಮಾಸಲು ಹಕ್ಕಿ ಮರಿಗಳನ್ನು ಕರೆದುಕೊಂಡು ನಾವು ಕತ್ತರಿಸುತ್ತಿದ್ದ ಕಡೆಗೇ ಬಂದು ನನ್ನ ಕಾಲಬಳಿ ತಬ್ಬಿಬ್ಬಾಗಿ ನಿಂತಿತು. ನಾನು ಹೆಗಲ ಮೇಲಿನ ಟವೆಲ್ ಎಸೆದು ಹಿಡಿದುಬಿಟ್ಟೆ. ಕೈಗೆ ಸಿಗುವಂತಿತ್ತು, ಹಿಡಿದೆ.

“ಬುರ್ಲಿ ನೋಡ್ರೋ!” ಎಂದು ಎತ್ತಿ ತೋರಿಸಿದೆ.

ಗೀತಾ ಓಡಿ ಬಂದಳು. “ಬುರ್ಲಿ ಅಲ್ಲ ದೊಡ್ಡಪ್ಪ. ಬೆರಳು ಎಣಿಸಿ. ಬುರ್ಲಿಗೆ ಹಿಂದೆ ಒಂದಿರುತ್ತೆ, ಇದಕ್ಕಿಲ್ಲ.”

ತಿರುಗಿಸಿ ನೋಡಿದೆ. ಮೂರೇ ಬೆರಳು.

ರಾಜಣ್ಣ ಗಳ ಕೆಳಗಿಟ್ಟ. “ಗುರುವೇ, ಯಜಮಾನ್ರು ಸೋತ್ರು! ಮಂಡೀಲಿ ಮೂಟೆ ಲೆಕ್ಕ ಹಾಕೋರಿಗೆ ಕಾಲ್ಬೆರಳು ಲೆಕ್ಕ ಹಾಕಕ್ಕಾಗ್ಲಿಲ್ವಲ್ಲಪ್ಪ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಏನೋ ಬಿಸಿಯಾಗಿತ್ತು.

“ಬಿಟ್ಬಿಡಿ ದೊಡ್ಡಪ್ಪ. ಅದು ಅಪ್ಪ. ಮರಿ ಅಲ್ಲೇ ಹುಲ್ಲಲ್ಲಿವೆ.”

“ಅಪ್ಪಾನಾ? ಮತ್ತೆ ಅಮ್ಮ ಎಲ್ಲಿಗ್ ಹೋದ್ಲಮ್ಮಾ?” ಎಂದ ರಾಜಣ್ಣ.

ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಅವಳು ಹೇಳಿದಳು: “ಇವುಗಳಲ್ಲಿ ಅಮ್ಮಾನೇ ದೊಡ್ಡದು, ಅದಕ್ಕೇ ಜಾಸ್ತಿ ಬಣ್ಣ. ಸಂಜೆ ಕೂಗೋದೂ ಅದೇ. ಮೊಟ್ಟೆ ಇಟ್ಟು ಬೇರೆ ಗಂಡು ಹಕ್ಕಿ ಹುಡುಕ್ಕೊಂಡು ಹೋಗ್ಬಿಡುತ್ತೆ. ಕಾವು ಕೊಡೋದು, ಮರಿ ಸಾಕೋದು ಎಲ್ಲಾ ಅಪ್ಪಾನೇ.”

ಹಿಂದೆ ನಿಂತಿದ್ದ ಒಬ್ಬ ಮೂಗಿನಲ್ಲೇ ನಕ್ಕ. ಆ ನಗು ನನ್ನ ಮನೆಯ ಮೇಲೆ ಬಿದ್ದಂತಾಯಿತು. ಮಗುವಿಗೆ ಅದು ತಿಳಿದಿರಲಿಲ್ಲ. ಅವಳು ಹಕ್ಕಿಯ ವಿಷಯವನ್ನಷ್ಟೇ ಹೇಳಿದ್ದಳು.

“ಬಾಯ್ಮುಚ್ಚು!” ಎಂದು ಕಿರುಚಿದೆ. “ನಿಮ್ಮಮ್ಮ ಓಡೋದ್ಲು ಅಂತ ಲೋಕದಲ್ಲಿರೋ ತಾಯಂದಿರೆಲ್ಲ ಓಡೋಗ್ತಾರಾ?”

ಅವಳ ಮುಖ ಹೇಗಾಯಿತೆಂದು ಬರೆಯಲಾರೆ. ರಾಜಣ್ಣನೇ “ಬುಡಣ್ಣೋ, ಮಗು,” ಎಂದ. ಆದರೆ ಆಡಿದ ಮಾತನ್ನು ನಿಜ ಮಾಡಿ ತೋರಿಸುವ ಹಟ ಹತ್ತಿತ್ತು ನನಗೆ. ಕೊತ್ತಂಬರಿ ಸೊಪ್ಪು ತಂದಿದ್ದ ಮಂಕರಿಯನ್ನು ಹಕ್ಕಿಯ ಮೇಲೆ ಬೋರಲು ಹಾಕಿ, ಮೇಲೊಂದು ಕಲ್ಲಿಟ್ಟೆ. “ಈಗ ತಾಯಿ ಬಂದು ಮರಿ ನೋಡ್ಕೊಳ್ತಾಳೋ ಇಲ್ವೋ ನೋಡ್ತಿರು. ಸಂಜೆ ತನಕ ಇದನ್ನ ಯಾರೂ ಮುಟ್ಟಬಾರ್ದು.”

ಗೀತಾ ಮುಟ್ಟಲಿಲ್ಲ. ನಾನು ಬೇಡವೆಂದಿದ್ದೆನಲ್ಲ. ಮಂಕರಿಯ ಪಕ್ಕ ಬಿಸಿಲಿನಲ್ಲೇ ಕೂತಳು. ಒಳಗೆ ಹಕ್ಕಿ ನೆಟ್ಟಗೆ ಮೇಲಕ್ಕೆ ನೆಗೆದು ಬಡಿದುಕೊಳ್ಳುವ ಸದ್ದು ಬರುತ್ತಿತ್ತು. ಗಾಬರಿಯಾದರೆ ನೆಲದ ಹಕ್ಕಿಗಳು ಹಾಗೇ ಮಾಡುತ್ತವಂತೆ, ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಸೈಟಿನ ಕೊನೆಯ ಬೇಲಿಯ ಆಚೆಯಿಂದ ಆ ಮೋಟಾರಿನ ಸದ್ದು ಕೇಳಿಸಿತು. “ಕೇಳಿಸ್ತಾ? ಬಂದ್ಲು ನೋಡು!” ಎಂದು ಗೆದ್ದವನ ಹಾಗೆ ಕೂಗಿದೆ. ಅವಳು ತಲೆ ಎತ್ತಲಿಲ್ಲ. ಸದ್ದು ಹತ್ತಿರ ಬರಲೇ ಇಲ್ಲ. ಇನ್ನೂ ದೂರ ಹೋಗಿ ನಿಂತುಹೋಯಿತು.

ಸಂಜೆ ಮಂಕರಿ ಎತ್ತಿದಾಗ ಹಕ್ಕಿ ಸತ್ತಿತ್ತು. ನೆತ್ತಿ ಸುಲಿದಿತ್ತು. ಮರಿಗಳಲ್ಲಿ ಕೆಲವನ್ನು ಕಾಗೆ ಎತ್ತಿಕೊಂಡು ಹೋದದ್ದನ್ನು ನಾನೇ ಕಂಡೆ. ಉಳಿದವು ಏನಾದವೋ.

ತಮ್ಮ ಬಂದವನು ನಡೆದದ್ದನ್ನೆಲ್ಲ ರಾಜಣ್ಣನಿಂದ ಕೇಳಿಕೊಂಡ. ಹೊಂಗೆಮರದ ಬುಡದಲ್ಲಿ ಗುಣಿ ತೋಡಿ ಮಗಳ ಕೈಯಲ್ಲೇ ಹಕ್ಕಿಯನ್ನು ಇಡಿಸಿದ. ಒಳಗೆ ಬಂದು ಕೈ ತೊಳೆಯುತ್ತಾ, “ಅವಳಿಗೆ ಹಾಗನ್ನಬಾರ್ದಿತ್ತು ಅಣ್ಣ,” ಎಂದ. ಹುಟ್ಟಿದಂದಿನಿಂದ ನನಗೆ ಎದುರಾಡಿದವನಲ್ಲ. ಹೌದು ಕಣೋ ಎಂದು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ನಾನಂದದ್ದು ಬೇರೆ.

“ಅಷ್ಟು ಜನ ಗಂಡಸರ ಮುಂದೆ ಹೆಣ್ಮಗು ಹಂಗೆ ಮಾತಾಡುತ್ತೆ ಅಂದ್ರೆ ನೀನು ಬೆಳೆಸಿರೋ ಚೆಂದ ಅದು. ಸ್ಕೂಲ್ ಶುರು ಆಗೋಕ್ ಮುಂಚೆ ಮೈಸೂರಿಗೆ ಕಳ್ಸು.”

“ಜಡೆ ಹಾಕ್ತೀನಿ, ಊಟ ಮಾಡಿಸ್ತೀನಿ, ಜ್ವರ ಬಂದ್ರೆ ಪಕ್ಕದಲ್ಲೇ ಇರ್ತೀನಿ. ಇನ್ನೇನ್ ಮಾಡ್ಬೇಕು ಹೇಳಣ್ಣ, ಅದನ್ನೂ ಕಲ್ತ್ಕೋತೀನಿ.”

“ತಾಯಿ ಆಗೋದ್ ಕಲೀತೀಯಾ?” ಎಂದು ಎದ್ದು ಹೋದೆ.

ಗೀತಾ ಮೈಸೂರಿಗೆ ಹೋದಳು. ತಂಗಿ ಕೆಟ್ಟವಳಲ್ಲ, ಚೆನ್ನಾಗಿಯೇ ನೋಡಿಕೊಂಡಳು. ಆದರೆ ಅವಳಿಗೆ ತನ್ನವೇ ಮೂರು ಮಕ್ಕಳು, ಬೆಳಿಗ್ಗೆ ಪುರಸೊತ್ತಿಲ್ಲ. ದಸರಾ ರಜೆಗೆ ಬಂದಾಗ ಮಗುವಿನ ಕೂದಲನ್ನು ಕಿವಿಯವರೆಗೆ ಕತ್ತರಿಸಿದ್ದರು. ತಮ್ಮ, ಎಣ್ಣೆಯ ಬಟ್ಟಲು ಹಿಡಿದು ಕಟ್ಟೆಗೆ ಬಂದವನು ನೋಡಿ, “ಚೆನ್ನಾಗಿದೆ ಕಣೇ, ತಲೆ ಹಗುರ,” ಎಂದು ನಕ್ಕು ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮುಂದಿನ ವರ್ಷ ಅವನೂ ಮನೆ ಬಿಟ್ಟ. ಜಗಳವಾಡಲಿಲ್ಲ. ಗೀತಾಳ ಓದು ಮೈಸೂರಿನಲ್ಲೇ ಮುಂದುವರಿಯಿತು. ಅವನು ಮತ್ತಿಕೆರೆಯಲ್ಲಿ ಓದುವ ಹುಡುಗರ ರೂಮುಗಳ ನಡುವೆ ಒಂದು ರೂಮು ಹಿಡಿದು, ಅವರ ಪ್ಯಾಂಟು ಆಲ್ಟರ್ ಮಾಡಿಕೊಂಡು ಇದ್ದ. ಹೊಸ ಶತಮಾನ ಶುರುವಾದ ಒಂದೆರಡು ವರ್ಷಕ್ಕೆ ಕಾಮಾಲೆ ಹಿಡಿದು ಆಸ್ಪತ್ರೆ ಸೇರಿದ. ಎಳನೀರು ತೆಗೆದುಕೊಂಡು ಹೋದೆ. ವಾರ್ಡಿನಲ್ಲಿ ಇಬ್ಬರೇ ಇದ್ದೆವು. ಆ ದಿನದ ಮಾತೆತ್ತಲು ಹೊರಟವನು, “ಎಳನೀರು ಕುಡೀತೀಯಾ?” ಎಂದೆ. “ಈಗ ಬೇಡಣ್ಣ,” ಎಂದ. ನಾಳೆ ಹೇಳಿದರಾಯಿತು ಎಂದುಕೊಂಡು ಬಂದೆ. ನಾಳೆ ಅವನಿರಲಿಲ್ಲ.

ಗೀತಾಳ ಮುಂದೆ ತಪ್ಪು ಒಪ್ಪಿಕೊಂಡಿದ್ದೇನೆ. ಅವಳಿಗೆ ಮದುವೆಯಾಗಿ ಮಗಳಿದ್ದಾಳೆ, ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಕೇಳಿಸಿಕೊಂಡು, ಆ ಹಕ್ಕಿಯನ್ನು ಈಗ ಕ್ರೌಂಚದ ಕುಲದಿಂದ ತೆಗೆದು ಕೆರೆಯಂಚಿನ ಹಕ್ಕಿಗಳ ಜೊತೆ ಸೇರಿಸಿದ್ದಾರೆ ಎಂದು ಹೇಳಿದಳು. ಆಮೇಲೆ, “ನನಗೆ ಹೇಳಿದ್ರಿ, ಸರಿ. ಅಪ್ಪಂಗೆ ಹೇಳ್ಬೇಕಿತ್ತು ದೊಡ್ಡಪ್ಪ,” ಎಂದಳು.

ಕೇಸ್ ಸೈಟಿನ ವ್ಯಾಜ್ಯ ರಾಜಿಯಾಗಿ ಅಲ್ಲೀಗ ಅಪಾರ್ಟ್‌ಮೆಂಟ್ ನಿಂತಿದೆ. ಹೊಂಗೆಮರವಿಲ್ಲ. ನಮ್ಮ ಬೀದಿಯಲ್ಲಿ ಮೊಳದಷ್ಟು ಹುಲ್ಲು ಬೆಳೆಯಲು ಜಾಗವಿಲ್ಲ. ಇದ್ದಲ್ಲೆಲ್ಲ ಸಿಮೆಂಟು, ಕಾರು. ಈಗಿನ ತಂದೆಯರು ಮಗುವನ್ನು ಎದೆಗೆ ಕಟ್ಟಿಕೊಂಡು ರಸ್ತೆಯಲ್ಲಿ ಓಡಾಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಹುಲ್ಲು ಹೋದದ್ದಕ್ಕೆ, ಹಕ್ಕಿ ಹೋದದ್ದಕ್ಕೆ ಊರು ಬೆಳೆದದ್ದನ್ನು ದೂರಬಹುದು. ಒಬ್ಬ ತಂದೆಗೆ ತನ್ನ ಮಗಳ ಜೊತೆ ಇನ್ನೂ ಕೆಲವು ವರ್ಷ ಸಿಗಬೇಕಿತ್ತು. ಅದನ್ನು ಕಳೆದದ್ದು ಊರಲ್ಲ.

ಇಷ್ಟು ಬರೆಯುವಾಗಲೂ ತಮ್ಮ, ತಮ್ಮ ಎಂದೇ ಬರೆದುಕೊಂಡು ಬಂದೆ. ಹೆಸರು ಬರೆಯಲು ಕೈ ಬರಲಿಲ್ಲ. ತಪ್ಪಾಯಿತು ಎಂದು ನಾನು ಹೇಳದೇ ಉಳಿದದ್ದು ಅವನೊಬ್ಬನಿಗೆ, ನಂಜುಂಡನಿಗೆ.