ಪಾಲಿಶ್ ಅಕ್ಕನ ಕೈ

ಮಾನ್ಯಾ, ಲೋಹಿತಾ, ಪಾಲಿಶ್ ಅಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು. ರೇಷನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಕೀ ಕೀ ಎಂದು ಬೈಯುತ್ತಿತ್ತು. "ನೋಡ್ರಿ ಅವ್ವಾರ, ಕಾರ್ ತಿಕ್ಕಿ ತಿಕ್ಕಿ ನಾ ಯಾರಂತ ಮಿಷಿನ್ನಿಗೇ ಗೊತ್ತಾಗವಲ್ದು" ಎಂದು ಸಾಲಿನವರಿಗೆಲ್ಲ ಕೇಳುವಂತೆ ನಗುತ್ತಿದ್ದಳು. ನಾನು ಅವಳ ಬೆನ್ನ ಹಿಂದೆ ಸೆರಗು ಹೊದ್ದು, ಯಾರೂ ನನ್ನನ್ನು ಮಾತಾಡಿಸದಿದ್ದರೆ ಸಾಕು ಎಂದು ನಿಂತಿರುತ್ತಿದ್ದೆ.

ನಿಮಗೆ ಅವಳ ನೆನಪಿರಲಾರದು. ಲಗ್ಗೆರೆಯ ನಮ್ಮ ಮನೆಯ ಕೆಳಗೆ ರಸ್ತೆಗೆ ಮುಖ ಮಾಡಿದ ಶೆಡ್ಡಿದೆಯಲ್ಲ, ಈಗ ಹಿಟ್ಟಿನ ಗಿರಣಿ ಇರುವುದು, ಅಲ್ಲಿ ಅವಳು ಬಾಡಿಗೆಗೆ ಇದ್ದು ಕಾರುಗಳಿಗೆ ಪಾಲಿಶ್ ಮಾಡುತ್ತಿದ್ದಳು. ಯಾದಗಿರಿ ಕಡೆಯವಳು. ಮೊದಲು ಪೀಣ್ಯದಲ್ಲಿ ಸ್ಟೀಲ್ ಪಾತ್ರೆಗಳಿಗೆ ಹೊಳಪು ಕೊಡುವ ಕೆಲಸಕ್ಕಿದ್ದು, ಆಮೇಲೆ ಕಾರಿಗೆ ಬಂದವಳು. ನನಗಿಂತ ಚಿಕ್ಕವಳು. ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರಿಂದ ನನಗೂ ಅಕ್ಕನೇ ಆದಳು.

ಒಂದೇ ಒಂದು ಸಲ ಬಿಟ್ಟರೆ ಅವಳು ಕೂತಿದ್ದನ್ನು ನಾನು ನೋಡಿಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದು ಗೇಟಿನವರೆಗೆ ಹೋಗಿ ಬಂದು ಕುಡಿಯುತ್ತಿದ್ದಳು. ಕೆಲಸವಿಲ್ಲದ ಹೊತ್ತಿನಲ್ಲಿ ನಮ್ಮ ಗೇಟಿನ ಚಿಲಕ, ಎದುರುಮನೆಯವರ ಕರೆಗಂಟೆ, ಕೊನೆಗೆ ಅವರ ನಾಯಿಯ ಕೊರಳ ಬಿಲ್ಲೆಯನ್ನೂ ಉಜ್ಜಿ ಹೊಳೆಯಿಸಿಬಿಟ್ಟಿದ್ದಳು. "ಒಂದ್ ಗಳಿಗೆ ಕೂತ್ಕೊಳಮ್ಮ" ಎಂದರೆ, "ಕುಂತ್ರ ಮೈಯಾಗ ಇರುವಿ ಹರದಾಡ್ತಾವ್ರಿ" ಎನ್ನುವಳು.

ಆಗ ನನ್ನ ಮೈಯಲ್ಲೂ ಅದೇ ಇರುವೆ. ನಿಮ್ಮ ತಾತ ಹೋಗಿ ಕೆಲವೇ ತಿಂಗಳಾಗಿತ್ತು. ಪಡಸಾಲೆಯಿಂದ ಗೇಟು, ಗೇಟಿನಿಂದ ಪಡಸಾಲೆ, ಇಷ್ಟೇ ನನ್ನ ದಿನ. ಅವರ ಕಡುನೀಲಿ ಕಾರು ಮನೆ ಮುಂದೆ ನಿಂತಿತ್ತು. ಜಮೀನು ಹೋದ ಮೇಲೆ ಅವರು ಆಸೆಪಟ್ಟು ತಂದ ಒಂದೇ ವಸ್ತು. ಲೋಹಿತಾ, ನಿನ್ನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಅದರಲ್ಲೇ.

ನಮ್ಮ ಬೀದಿಯ ಗಾಳಿ ನಿಮಗೆ ಗೊತ್ತಲ್ಲ, ಕಬ್ಬಿಣ ಉಜ್ಜುವ ಶೆಡ್ಡುಗಳ ಧೂಳು ಎಲ್ಲದರ ಮೇಲೂ ಬಂದು ಕೂರುತ್ತದೆ. ಕಾರಿನ ಮೇಲೆ ಅದನ್ನು ಕಂಡರೆ ನನಗೆ ತಡೆಯುತ್ತಿರಲಿಲ್ಲ. ಊರಿನಲ್ಲಿ ಹಿತ್ತಾಳೆ ಚೊಂಬು ಬೆಳಗಿ ಬೆಳೆದವಳು ನಾನು. ತೆಂಗಿನ ನಾರು, ಪಾತ್ರೆ ಪುಡಿ ಹಿಡಿದು ಬೆಳಿಗ್ಗೆ ತಿಕ್ಕಿದೆ, ಸಂಜೆ ತಿಕ್ಕಿದೆ. ತಿಕ್ಕಿದಷ್ಟೂ ಮಂಕಾಯಿತು. ಮಂಕಾದಷ್ಟೂ ಮತ್ತೆ ತಿಕ್ಕಿದೆ.

ಒಂದು ಸಂಜೆ ಅವಳು ಓಡಿಬಂದು ನನ್ನ ಕೈಯಿಂದ ನಾರು ಕಿತ್ತುಕೊಂಡಳು. "ಯವ್ವಾ! ಇದೇನ್ ಚೊಂಬೇನ್ರಿ ಹಿಂಗ ತಿಕ್ಕಾಕತ್ತೀರಿ?"

"ಧೂಳು ಕಣಮ್ಮ. ಏನ್ ಮಾಡಿದ್ರೂ ಓಗ್ತಾ ಇಲ್ಲ" ಎಂದೆ, ನೆಲ ನೋಡುತ್ತ.

ಅವಳು ನನ್ನ ಕೈಗೆ ತರಕಾರಿಯ ಪ್ಲಾಸ್ಟಿಕ್ ಕವರ್ ತೊಡಿಸಿ ಬಾನೆಟ್ಟಿನ ಮೇಲೆ ಎಳೆದಾಡಿದಳು. ಬರಿಗೈಗೆ ತಿಳಿಯದ ಒಂದೊಂದು ಕಣವೂ ಕವರಿನೊಳಗಿಂದ ರವೆಯಂತೆ ಚುಚ್ಚಿತು. "ಧೂಳ ಒಳಗ ನಟ್ಟೈತ್ರಿ. ಇದನ್ನ ಎಬ್ಬಿಸಬೇಕು, ತಿಕ್ಕಬಾರ್ದು."

ಅದೇ ಹೊತ್ತಿಗೆ ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕತಾತ, ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿದರು. "ಅತ್ತಿಗೆ, ಗಾಡಿ ಎಮ್ಮೆ ಬೆನ್ನಂಗಾಗೈತೆ. ಓಡ್ಸೋರೂ ಇಲ್ಲ. ಬರೋ ಭಾನುವಾರ ಒಬ್ರನ್ನ ಕರ್ಕೊಂಬತ್ತೀನಿ, ಕೊಟ್ಬುಡಾನ."

ನಿಮ್ಮ ಅಮ್ಮ ಆಗಷ್ಟೇ ಜಾಲಹಳ್ಳಿಗೆ ಹೋಗಿ ಡ್ರೈವಿಂಗ್ ಕಲಿಯುತ್ತಿದ್ದಳು. ಆ ಕಾರು ಅವಳ ಕೈಗೆ ಹೋಗಬೇಕೆಂದು ನನಗೆ ಹಟದಷ್ಟು ಆಸೆ. ಆದರೆ ಮದುವೆಯಾಗಿ ಬಂದ ಮೇಲೆ ಮೈದುನರ ಎದುರು ತಲೆ ಆಡಿಸಿದ್ದೆನೇ ಹೊರತು ಬಾಯಿ ಬಿಟ್ಟವಳಲ್ಲ. ನನ್ನ ಮೌನವನ್ನೇ ಒಪ್ಪಿಗೆ ಎಂದುಕೊಂಡು ಅವರು ಹೊರಟುಹೋದರು.

"ಯಾಕ್ರಿ ಸುಮ್ನ ನಿಂತ್ರಿ?" ಎಂದಳು ಅಕ್ಕ.

"ಗಂಡಸರ ಮುಖ ನೋಡಿ ಮಾತಾಡಕ್ ಬರಲ್ಲ ಕಣಮ್ಮ."

"ಅವರ ಮಾರಿ ಆಮ್ಯಾಲ ನೋಡೂನು. ಮೊದಲ ಕಾರ್ ಒಳಗ ತಗೊಳ್ರಿ."

ಇಬ್ಬರೂ ತಳ್ಳಿ ಒಳಗೆ ತಂದ ಕಾರನ್ನು ಶೆಡ್ಡಿನ ನೆರಳಿನಲ್ಲಿ ತೊಳೆದಳು. ಚಪಾತಿ ಹಿಟ್ಟಿನಂಥ ಮೆತ್ತನೆಯ ಉಂಡೆಯೊಂದನ್ನು ನೀರು ಚಿಮುಕಿಸಿ ಜಾರಿಸುತ್ತ ಕಬ್ಬಿಣದ ಕಣಗಳನ್ನೆಲ್ಲ ಎತ್ತಿದಳು. ಆಮೇಲೆ ಪಾಲಿಶ್ ಬಳಿದು ಮಿಷಿನ್ ಹಿಡಿದಳು. ಆಗ ನೋಡಿದೆ ನಾನು, ಅವಳ ಕೈಯನ್ನು. ಕಾಲು ತಾಳ ಹಾಕುತ್ತಲೇ ಇತ್ತು, ಕಣ್ಣು ರಸ್ತೆಯ ಬಸ್ಸುಗಳ ಹಿಂದೆ ಹೋಗಿ ಬರುತ್ತಿತ್ತು. ಕೈ ಮಾತ್ರ ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಸಾಗುತ್ತಿತ್ತು. ನಡುನಡುವೆ ಮಿಷಿನ್ ನಿಲ್ಲಿಸಿ, ಮಗುವಿನ ಜ್ವರ ನೋಡುವಂತೆ ಬಾಗಿಲಿಗೆ ಅಂಗೈ ಹಿಂಬದಿ ಇಟ್ಟು ಬಿಸಿ ನೋಡುತ್ತಿದ್ದಳು.

"ಇನ್ನೂ ಎಷ್ಟೊತ್ತಾಯ್ತದೆ?" ಎಂದು ಕೇಳಿ ಕೇಳಿ ಅವಳ ತಲೆ ತಿಂದೆ.

"ಬಣ್ಣದ ಮ್ಯಾಲ ಉಳ್ಳಾಗಡ್ಡಿ ಸಿಪ್ಪಿಯಂಥಾ ಪದರ ಐತ್ರಿ. ಪಾಲಿಶ್ ಅಂದ್ರ ಹಚ್ಚೂದಲ್ಲ, ಅದನ್ನ ಒಂದೀಟು ಸವಸೂದು. ನೀವ ಭಾಳ ಸವಸೀರಿ. ಇದೊಂದ ಸಲ ತಾಳ್ತೈತಿ. ಕೈ ಓಡಿದ್ರ ಗೆರಿ ಉಳಿತಾವು. ನಿಂತ್ರ ಬಣ್ಣ ಸುಡತೈತಿ. ಓಡಬಾರ್ದು, ನಿಲ್ಲಬಾರ್ದು, ಅಷ್ಟ ನೋಡ್ರಿ."

ಕೊನೆಗೆ ಮೆತ್ತನೆಯ ಬಟ್ಟೆಯೊಂದನ್ನು ನನ್ನ ಕೈಗಿಟ್ಟಳು. ಒರೆಸಿದೆ. ಬಾಗಿಲಿನ ನೀಲಿಯೊಳಗಿಂದ ಯಾರೋ ಹೆಂಗಸು ನನ್ನತ್ತ ನೋಡುತ್ತಿದ್ದಳು. ನಿಮ್ಮ ತಾತ ಹೋದ ಮೇಲೆ ನಾನು ಕನ್ನಡಿಯ ಮುಂದೆ ನಿಂತಿರಲಿಲ್ಲ.

"ಭಾನುವಾರ ನಿಮ್ಮ ಮೈದುನ ಬಂದ್ರ ಹಿಂಗ ನಿಂದರ್ರಿ. ಅವರ ಮಾರಿ ಇದ್ರಾಗ ಕಾಣ್ತೈತಿ. ಅದಕ್ಕ ಹೇಳ್ರಿ" ಎಂದಳು.

ಭಾನುವಾರ ಮೈದುನರ ಜೊತೆ ಕೊಳ್ಳಲು ಬಂದವನು ಮನೆ ಮುಂದಿನ ಕಾರು ನೋಡಿದವನೇ, "ಸಕ್ಕತ್ತಾಗಿದೆಯಲ್ಲ ಗುರು! ಎಮ್ಮೆ ಅಂದಿದ್ಯಲ್ಲ?" ಎಂದ. ಉಳಿಸಿಕೊಳ್ಳಲು ಹೊಳೆಯಿಸಿದ್ದು ಅವನ ಆಸೆಯನ್ನೇ ಹೆಚ್ಚಿಸಿತ್ತು. ಮೈದುನ ಕೈ ಚಾಚಿದರು. "ಕೀ ಕೊಡಿ ಅತ್ತಿಗೆ."

ನಾನು ಕಾರಿನ ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. ನೀಲಿಯೊಳಗೆ ಅವರ ಮುಖ ಅಂಗೈಯಷ್ಟಿತ್ತು. ಅದರ ಹಿಂದೆ ಅಕ್ಕ ಅತ್ತಿಂದಿತ್ತ ಓಡಾಡುತ್ತಿದ್ದಳು.

"ಕೊಡಲ್ಲ" ಎಂದೆ.

"ಏನಂದ್ರಿ?"

"ಗಾಡಿ ಕೊಡಲ್ಲ. ನನ್ ಮಗಳು ಓಡಿಸ್ತಾಳೆ."

ಮೈದುನ ನಕ್ಕರು. "ಕಾರಿಗೇಳ್ತಿದೀರೋ, ನಂಗೇಳ್ತಿದೀರೋ?"

ಆಗ ತಿರುಗಿದೆ. ಅವರ ಮುಖವನ್ನು ನೇರ ನೋಡಿದ್ದು ಅದೇ ಮೊದಲು. "ನಿನಗೇ ಕಣಪ್ಪ" ಎಂದೆ.

ಶೆಡ್ಡಿನಲ್ಲಿ ಯಾವ ಕಾರೂ ಇಲ್ಲದಿದ್ದರೂ ಪಾಲಿಶ್ ಮಿಷಿನ್ ಒಮ್ಮೆ ಜೋರಾಗಿ ಗುಂಯ್ ಎಂದಿತು.

ಅವಳು ನಮ್ಮಲ್ಲಿ ಬಹಳ ಕಾಲ ನಿಲ್ಲಲಿಲ್ಲ. ನೆಲಮಂಗಲದ ರಸ್ತೆಗೆ ಹೋದಳು, ಅಲ್ಲಿಂದ ಇನ್ನೆಲ್ಲಿಗೋ. ಈ ಕಡೆ ಬಂದಾಗಲೆಲ್ಲ ಕೈಗೆ ಕವರ್ ತೊಟ್ಟು ಬಾನೆಟ್ ಸವರಿ, "ನುಣ್ಣಗೈತ್ರಿ" ಎಂದು ಹೊರಟುಬಿಡುತ್ತಿದ್ದಳು. ಕೊನೆಯ ಸಲ ಬಂದಾಗ ಕಾರಿನ ಹತ್ತಿರ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಕಾಫಿಯನ್ನು ಕೂತೇ ಕುಡಿದಳು. ನನಗೆ ಹೆದರಿಕೆಯಾಯಿತು. "ಏನಾಯ್ತಮ್ಮ?" ಎಂದೆ. "ಇರುವಿ ಎಲ್ಲಾ ಹೋದಾವ್ರಿ ಅವ್ವಾರ" ಎಂದು ನಕ್ಕಳು. ಮಳೆಗಾಲ ಮುಗಿಯುವ ಮೊದಲೇ, ಪೀಣ್ಯದಲ್ಲಿ ಕೆಲಸಕ್ಕಿದ್ದ ಅವಳ ತಮ್ಮ ಬಂದು, ಊರಿನಲ್ಲಿ ತೀರಿಕೊಂಡಳು ಎಂದು ಹೇಳಿ ಹೋದ.

ನನ್ನ ಇರುವೆಗಳು ಹೋಗಿಲ್ಲ. ಇಷ್ಟು ಬರೆಯುವುದರೊಳಗೆ ಎಷ್ಟೋ ಸಲ ಗೇಟಿಗೆ ಹೋಗಿ ಬಂದೆ. ಆದರೆ ನಿಮ್ಮ ಅಮ್ಮ ಆ ಕಾರಿನಲ್ಲಿ ನಿಮ್ಮನ್ನು ಸ್ಕೂಲಿಗೆ ಬಿಟ್ಟು ಬಂದ ಮೇಲೆ ಅದನ್ನು ಒರೆಸುವಾಗ ಕೈ ತಾನಾಗಿ ನಿಧಾನವಾಗುತ್ತದೆ. ಬೀದಿಯವರು ಹಾದುಹೋಗುತ್ತ ಮಾತಾಡಿಸುತ್ತಾರೆ. ತಿರುಗಿ ಮಾತಾಡುತ್ತೇನೆ.

ಅವಳು ಕೊಟ್ಟ ಬಟ್ಟೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿದೆ. ಈ ಹಾಳೆಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅದರ ಜೊತೆಗೇ ಇಡಿ. ಕಾರು ಹಳೆಯದು, ಒಂದಲ್ಲ ಒಂದು ದಿನ ಅದನ್ನು ಕೊಡಲೇಬೇಕಾದೀತು. ಕೊಡುವ ದಿನ ಬಟ್ಟೆಯನ್ನೂ ಹಾಳೆಗಳನ್ನೂ ತೆಗೆದುಕೊಳ್ಳಲು ಮರೆಯಬೇಡಿ, ಮಕ್ಕಳೇ.