ಮೂಗಣ್ಣ ಪಾಸು ಮಾಡಿದ ಡ್ರಮ್ಮುಗಳು

ನಮ್ಮ ಬೀದಿಯಲ್ಲಿ ನೀರು ತುಂಬಿಡಲು ನೀಲಿ ಡ್ರಮ್ಮು ಬೇಕೆಂದರೆ ಯಾರೂ ಅಂಗಡಿಗೆ ಹೋಗುವುದಿಲ್ಲ, ನಮ್ಮ ದೊಡ್ಡಪ್ಪನ ಅಂಗಳಕ್ಕೆ ಬರುತ್ತಾರೆ. ಕಾರ್ಖಾನೆಗಳಲ್ಲಿ ಬಣ್ಣ, ಅಂಟು, ಥಿನ್ನರ್ ಖಾಲಿಯಾದ ಡ್ರಮ್ಮುಗಳನ್ನು ಲಾರಿಯಲ್ಲಿ ತರಿಸಿ, ತೊಳೆದು ಮಾರುವುದು ಅವನ ಕಸುಬು. ನನ್ನ ಹೊಲಿಗೆ ಅಂಗಡಿ ಅವನ ಅಂಗಳಕ್ಕೆ ಅಂಟಿಕೊಂಡೇ ಇದೆ. ಹಾಗಾಗಿ ಅವನ ಕೆಲಸವನ್ನು ನಾನು ನೋಡದ ದಿನವಿಲ್ಲ.

ಡ್ರಮ್ಮಿನೊಳಗೆ ಕಾಸ್ಟಿಕ್ ಸೋಡಾ ಕಲಸಿದ ಬಿಸಿನೀರು ಹೊಯ್ದು, ನಾಲ್ಕು ಬೊಗಸೆ ಜಲ್ಲಿಕಲ್ಲು ಮತ್ತು ಒಂದು ತುಂಡು ಸರಪಳಿ ಬಿಟ್ಟು, ಮುಚ್ಚಳ ಬಿಗಿದು ಅಂಗಳದ ತುಂಬ ಉರುಳಿಸುತ್ತಾನೆ. ಆ ಗದ್ದಲದಲ್ಲಿ ನನ್ನ ಹೊಲಿಗೆ ಯಂತ್ರ ನಿಂತಿದೆಯೋ ಓಡುತ್ತಿದೆಯೋ ನನಗೇ ತಿಳಿಯುವುದಿಲ್ಲ. ಗಿರಾಕಿಗಳು ಅಳತೆ ಹೇಳಬೇಕೆಂದರೆ ಗಂಟಲು ಹರಿಯುವಂತೆ ಕೂಗಬೇಕು. ಕೊನೆಗೆ ಗರಗಸದಿಂದ ಡ್ರಮ್ಮಿನ ತಲೆ ಕತ್ತರಿಸಿ, ತನ್ನ ತಲೆಯನ್ನು ಅದರೊಳಗೆ ತೂರಿಸಿ, ಉದ್ದಕ್ಕೆ ಉಸಿರೆಳೆದು ಮೂಸುತ್ತಾನೆ. ಅದು ಪರೀಕ್ಷೆ. ತಲೆ ಹೊರಗೆ ತೆಗೆದು "ಪಾಸು" ಅಂದರೆ ಡ್ರಮ್ಮು ಮಾರಾಟಕ್ಕೆ ಸಿದ್ಧ. ಇದನ್ನು ನೋಡಿಯೇ ಬೀದಿಯವರು ಅವನಿಗೆ ಮೂಗಣ್ಣ ಎಂದು ಹೆಸರಿಟ್ಟಿದ್ದು. ಅವನು ಆ ಹೆಸರನ್ನು ದೊಡ್ಡ ಬಿರುದು ಸಿಕ್ಕವನಂತೆ ಹೊತ್ತು ತಿರುಗುತ್ತಿದ್ದ.

ತೊಳೆದ ನೀರು ತಾನೇ ಕೊರೆದುಕೊಂಡ ದಾರಿಯಲ್ಲಿ ಹಿತ್ತಲಿಗೆ ಹರಿದು, ಅಲ್ಲಿಂದ ಚರಂಡಿ ಸೇರುತ್ತಿತ್ತು. ಆ ಚರಂಡಿ ಬೀದಿಯ ಬೋರ್‌ವೆಲ್ಲಿನ ಪಕ್ಕದಲ್ಲೇ ಹಾದುಹೋಗುತ್ತದೆ. ಹಿತ್ತಲಿನ ಮಣ್ಣಿನಲ್ಲಿ ಒಂದು ಗರಿಕೆ ಕೂಡ ಹುಟ್ಟುತ್ತಿರಲಿಲ್ಲ. ಕಳೆ ಕೀಳುವ ಕೆಲಸ ತಪ್ಪಿತಲ್ಲ ಎಂದು ದೊಡ್ಡಮ್ಮ ಸಮಾಧಾನಪಟ್ಟುಕೊಂಡಿದ್ದಳು. ನಮ್ಮ ಬುದ್ಧಿ ಅಷ್ಟಕ್ಕಷ್ಟೇ.

ದೊಡ್ಡಪ್ಪನ ಒಬ್ಬಳೇ ಮಗಳು, ನನ್ನ ತಂಗಿ, ಮದುವೆಯಾಗಿ ದೂರದ ಊರಿನಲ್ಲಿದ್ದಳು. ಗಂಡ ಹಡಗಿನ ಕೆಲಸಕ್ಕೆ ಹೋದಾಗ, ತುಂಬಿದ ಬಸುರಿಯಾಗಿ ಅಪ್ಪನ ಮನೆಗೆ ಬಂದಳು. ದೊಡ್ಡಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳಿಗೆಂದು ಇದ್ದುದರಲ್ಲಿ ಒಳ್ಳೆಯ ಡ್ರಮ್ಮು ಆರಿಸಿ, ಎರಡೆರಡು ಸಲ ತೊಳೆದು, ಮೂಸಿ, ಮತ್ತೆ ಮೂಸಿ, ಅಡುಗೆಮನೆಯಲ್ಲಿ ಕುಡಿಯುವ ನೀರಿಗೆ ಇಟ್ಟ.

ಮೊದಲ ಲೋಟ ಬಾಯಿಗಿಟ್ಟವಳೇ ತಂಗಿ ಮುಖ ಕಿವುಚಿದಳು.

"ಅಪ್ಪಾ, ನೀರು ಏನೋ ಒಂಥರಾ ವಾಸನೆ."

"ಬಸುರಿ ಮೂಗಿಗೆ ಎಲ್ಲಾ ವಾಸನೇನೇ. ನಿಮ್ಮಮ್ಮನಿಗೆ ನಾನೇ ವಾಸನೆ ಬರ್ತಿದ್ದೆ," ಎಂದ ದೊಡ್ಡಪ್ಪ.

ಎಲ್ಲರೂ ನಕ್ಕೆವು. ಅವಳಿಗೆ ಬೀದಿಯೂ ನಾರುತ್ತಿತ್ತು, ಅಪ್ಪನ ಅಂಗಿಯೂ ನಾರುತ್ತಿತ್ತು. ದಿನಾ ತಲೆನೋವು, ತಿಂದದ್ದೆಲ್ಲ ವಾಂತಿ. ಹೊಟ್ಟೆಯಲ್ಲಿರುವುದು ಹುಡುಗಿಯೇ ಇರಬೇಕು, ಈಗಲೇ ಇಷ್ಟು ನಾಜೂಕು ಎಂದು ನಾನು ಕೀಟಲೆ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ವಾಪಸು ಬರುತ್ತಿದ್ದೆ. ಗೇಟಿನ ಹತ್ತಿರವೇ ತಂಗಿ ನಿಂತುಬಿಟ್ಟಳು.

"ಅಕ್ಕಾ, ಹಾಲು ಸೀದಿದೆ."

"ಎಲ್ಲೋ ಕಸ ಸುಡ್ತಿರ್ತಾರೆ ಬಾರೆ. ದಿನಾ ಇರೋದೇ," ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ಓಡಿದಳು. ಒಲೆಯ ಮೇಲಿನ ಹಾಲು ಇಂಗಿಹೋಗಿ ಪಾತ್ರೆಯ ತಳ ಕರ್ರಗಾಗಿತ್ತು. ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ, ಅಲ್ಲೇ ಹೊಸ್ತಿಲ ಹತ್ತಿರ ಕುಳಿತು, ದೊಡ್ಡಪ್ಪ ಬ್ಲೇಡಿನಿಂದ ಡ್ರಮ್ಮಿಗೆ ಅಂಟಿಸಿದ್ದ ಕಾರ್ಖಾನೆಯ ಚೀಟಿ ಕೆರೆಯುತ್ತಿದ್ದ. ಪಕ್ಕದಲ್ಲಿ ರೇಡಿಯೋ ಹಾಡುತ್ತಿತ್ತು.

"ಅಪ್ಪಾ, ಇಷ್ಟು ಸೀದ ವಾಸನೆ ಬರ್ತಿದೆ, ಗೊತ್ತಾಗ್ಲಿಲ್ವಾ?"

"ಏನ್ ವಾಸನೆ?" ಎಂದ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ.

ತಂಗಿ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಒಳಗೆ ಹೋಗಿ ಏನೋ ತಂದು, ಬೆನ್ನ ಹಿಂದೆ ಹಿಡಿದು, "ಕಣ್ಣು ಮುಚ್ಚಪ್ಪಾ," ಎಂದಳು. ಮಗಳು ಆಟವಾಡಿಸುತ್ತಿದ್ದಾಳೆಂದು ಅವನು ನಗುತ್ತ ಕಣ್ಣು ಮುಚ್ಚಿದ. ಅವಳು ಸೀಮೆಎಣ್ಣೆಯ ಬಾಟಲಿಯ ಮುಚ್ಚಳ ತೆಗೆದು ಅವನ ಮೂಗಿನ ಕೆಳಗೆ ಹಿಡಿದಳು.

"ಇದೇನು ಹೇಳು."

ದೊಡ್ಡಪ್ಪ ಡ್ರಮ್ಮು ಮೂಸುವಂತೆಯೇ ಉದ್ದಕ್ಕೆ ಉಸಿರೆಳೆದ. "ನೀರು," ಎಂದ.

ಥಿನ್ನರ್‌ನಲ್ಲಿ ಅದ್ದಿದ ಚಿಂದಿ ಹಿಡಿದಳು. "ಒದ್ದೆ ಬಟ್ಟೆ. ಮೂಗಿಗೆ ತಣ್ಣಗಾಗುತ್ತೆ," ಎಂದು ಗೆದ್ದವನಂತೆ ಕಣ್ಣು ಬಿಟ್ಟ. ಅವಳ ಕೈಯಲ್ಲಿದ್ದ ಬಾಟಲಿಯನ್ನೂ ಚಿಂದಿಯನ್ನೂ ಕಂಡ. ನಗು ಮುಖದ ಮೇಲೆ ಅರ್ಧಕ್ಕೇ ನಿಂತಿತು. ಇಡೀ ಬೀದಿ ಯಾವ ಮೂಗನ್ನು ನಂಬಿ ನೀರು ಕುಡಿಯುತ್ತಿತ್ತೋ ಆ ಮೂಗು ಸತ್ತು ಎಷ್ಟು ಕಾಲವಾಗಿತ್ತೋ, ಅದರ ಒಡೆಯನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾರುಕಟ್ಟೆಯಿಂದ ಬಂದ ದೊಡ್ಡಮ್ಮ ವಿಷಯ ಕೇಳಿ ಚೀಲವನ್ನು ಅಲ್ಲೇ ಕೆಳಗಿಟ್ಟಳು. "ಅಡುಗೆಗೆ ರುಚಿಯಿಲ್ಲ, ಕೈ ಕೆಟ್ಟಿದೆ ಅಂತ ವರ್ಷಗಟ್ಟಲೆ ನನ್ನ ಪ್ರಾಣ ತಿಂದ್ರಲ್ಲಾ," ಎಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು.

ತಂಗಿ ಅಡುಗೆಮನೆಯ ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿದಳು, ಬಗ್ಗಿದಷ್ಟೇ ಬೇಗ ಹಿಂದೆ ಸರಿದಳು. "ಅಂಟಿನ ವಾಸನೆ ಅಪ್ಪಾ. ಬಂದ ದಿನಾನೇ ಹೇಳಿದ್ನಲ್ಲ," ಎಂದು ಮೆಲ್ಲಗೆ ಹೇಳಿದಳು. ದೊಡ್ಡಪ್ಪ ಅವಳ ಹೊಟ್ಟೆಯ ಕಡೆ ನೋಡಿದ. "ನಾನೇ ಆರಿಸಿ ಇಟ್ಟಿದ್ದು," ಎಂದಷ್ಟೇ ಅವನ ಬಾಯಿಂದ ಬಂತು.

ಮರುದಿನ ಅಪ್ಪ, ಮಗಳು ಇಬ್ಬರನ್ನೂ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ವರ್ಷಾನುಗಟ್ಟಲೆ ಥಿನ್ನರ್, ಅಂಟಿನ ಆವಿ ಕುಡಿದರೆ ಯಾರ ಮೂಗಿನ ನರವಾದರೂ ಸಾಯುತ್ತದೆ, ಇವರಿಗೆ ಅದು ಮರಳುವ ಭರವಸೆ ಕಡಿಮೆ ಎಂದರು. ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಹಿತ್ತಲಿನ ಮಣ್ಣು, ಚರಂಡಿ, ಬೋರ್‌ವೆಲ್ಲು ಎಂದು ನಾನು ಒಂದೊಂದಾಗಿ ಹೇಳುತ್ತ ಹೋದಂತೆ ಅವರು ಬರೆಯುವುದನ್ನು ನಿಲ್ಲಿಸಿದರು.

"ಇನ್ನು ಸರಿಯಾದ ಮೂಗಿರೋರ ಹತ್ರ ಮೂಸಿಸಿ ಮಾರ್ತೀನಿ ಡಾಕ್ಟ್ರೇ," ಎಂದ ದೊಡ್ಡಪ್ಪ.

"ವಾಸನೆಯೇ ಇಲ್ಲದ ವಿಷ ಬೇಕಾದಷ್ಟಿವೆ. ನಿಮ್ಮ ಮೂಗು ಸರಿಯಿದ್ದಾಗ್ಲೂ ಅದು ಪರೀಕ್ಷೆ ಆಗಿರ್ಲಿಲ್ಲ," ಎಂದರು ಅವರು. ನನಗೇ ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು.

"ಮಗು?" ಎಂದು ತಂಗಿ ಕೇಳಿದಳು.

"ಈಗ್ಲೇ ಏನೂ ಹೇಳಕ್ಕಾಗಲ್ಲಮ್ಮ. ಮೊದ್ಲು ಆ ಮನೆ, ಆ ನೀರು ಬಿಡು."

ಮಗಳು ಬಂದಾಗ ಕುಣಿದಾಡಿದ್ದ ಅಪ್ಪ ಅದೇ ಸಂಜೆ ತಾನೇ ಪೆಟ್ಟಿಗೆ ಕಟ್ಟಿ, ಅವಳನ್ನು ಅತ್ತೆಯ ಮನೆಗೆ ಹೋಗುವ ಬಸ್ಸು ಹತ್ತಿಸಿದ. ಅವಳ ವಾಂತಿ ನಿಂತಿದೆ ಎಂದು ಆಮೇಲೆ ಫೋನು ಬಂತು. ಸಮಾಧಾನದ ಸುದ್ದಿಯೇ. ಆದರೆ ಅದನ್ನು ಕೇಳಿ ದೊಡ್ಡಪ್ಪ ಇನ್ನಷ್ಟು ಕುಗ್ಗಿದ. ನಿಂತಿತೆಂದರೆ, ಕಾರಣ ತಾನೇ ಎಂದಾಯಿತಲ್ಲ.

ಆಮೇಲೆ ಅವನು ತಳ್ಳುಗಾಡಿ ತೆಗೆದುಕೊಂಡು ತಾನು ಮಾರಿದ ಡ್ರಮ್ಮುಗಳನ್ನೆಲ್ಲ ವಾಪಸು ತರಲು ಮನೆಮನೆಗೆ ಹೊರಟ. ಇದ್ದದ್ದನ್ನು ಇದ್ದಂತೆ ಹೇಳಿದ. ಯಾರೂ ನಂಬಲಿಲ್ಲ. ಕ್ಷೌರಿಕ ತನ್ನ ಮನೆಯ ಡ್ರಮ್ಮಿನೊಳಗೆ ತಲೆ ಹಾಕಿ, ದೊಡ್ಡಪ್ಪನನ್ನೇ ಅಣಕಿಸುತ್ತ, "ಪಾಸು ಮೂಗಣ್ಣಾ," ಎಂದ. ಇಸ್ತ್ರಿಯವನ ಹೆಂಡತಿಯೂ ಮೂಸಿದಳು, ಬಡಗಿಯೂ ಮೂಸಿದ. ಎಲ್ಲರದೂ ಪಾಸು. ಮಗಳು ಊರಿಗೆ ಹೋದ ಸಂಕಟಕ್ಕೆ ಮುದುಕನ ತಲೆ ಕೆಟ್ಟಿದೆ ಎಂದು ಮಾತಾಡಿಕೊಂಡರು. ಗಾಡಿ ಖಾಲಿಯಾಗಿಯೇ ನನ್ನ ಅಂಗಡಿಯ ಮುಂದೆ ಬಂದು ನಿಂತಿತು.

ನನಗೆ ಮೈಯೆಲ್ಲ ಉರಿಯಿತು. "ಆ ಮೂರ್ಖರು ಕೊಡದಿದ್ರೆ ಹಾಳಾಗಿ ಹೋಗ್ಲಿ. ನಂದು ತಗೊಂಡು ಹೋಗು ದೊಡ್ಡಪ್ಪಾ," ಎಂದು ಹಿಂದಿನ ಕೋಣೆಗೆ ಕರೆದೆ. ನನ್ನ ಡ್ರಮ್ಮಿನ ಮುಚ್ಚಳ ತೆಗೆದು, ನೋಡೇಬಿಡೋಣ ಎಂದು ತಲೆ ಒಳಗೆ ಹಾಕಿದೆ. ಬರೀ ನೀರು.

"ಇದ್ರಲ್ಲಿ ಏನೂ ವಾಸನೆ ಇಲ್ವಲ್ಲ. ನಂದು ಚೆನ್ನಾಗೇ ಇದೆ," ಎಂದೆ. ಹೇಳುವಾಗ ಮನಸ್ಸು ಹಗುರವೂ ಆಗಿತ್ತು.

ದೊಡ್ಡಪ್ಪ ಜೇಬಿನಿಂದ ಸೀಮೆಎಣ್ಣೆಯ ಸಣ್ಣ ಬಾಟಲಿ ತೆಗೆದ.

"ಕಣ್ಣು ಮುಚ್ಚು ಮಗಳೇ," ಎಂದ.

ಮುಚ್ಚಿದೆ. ಬೀದಿಯಲ್ಲಿ ಯಾರೋ ಡ್ರಮ್ಮಿಗೆ ಕೊಡದಿಂದ ನೀರು ಸುರಿಯುವುದು ಕೇಳುತ್ತಿತ್ತು. ನಾನು ಉದ್ದಕ್ಕೆ ಉಸಿರೆಳೆದೆ. ಇನ್ನೊಂದು ಸಲ ಎಳೆದೆ. ಅವನ ಕೈ ಮೂಗಿನ ಹತ್ತಿರವೇ ಇರುವುದು ಗೊತ್ತಾಗುತ್ತಿತ್ತು.

"ಸುಮ್ನೆ ಹಿಡ್ಕೊಂಡಿದ್ದೀಯಲ್ಲ ದೊಡ್ಡಪ್ಪಾ, ಮುಚ್ಚಳ ತೆಗಿ," ಎಂದೆ.

"ಆಗ್ಲೇ ತೆಗ್ದಿದ್ದೀನಿ," ಎಂದ.